ಹಾವಿನ ಮನೆಯಲ್ಲಿ ಒಂದು ಭಾನುವಾರ

ಬೆಂಗಳೂರಿಗೆ ಬಂದ ನೆಂಟರು ಬನ್ನೇರುಘಟ್ಟಕ್ಕೆ ಹೋಗುವುದು ಹುಲಿ ಸಿಂಹಗಳನ್ನು ನೋಡಲೆಂದು. ನಾವು 2025ರ ಆಷಾಢದಲ್ಲಿ ಅಲ್ಲಿಗೆ ಹೋದದ್ದು ಹಾವುಗಳನ್ನು ನೋಡಲು. ಹೋದೆವು ಎನ್ನುವುದಕ್ಕಿಂತ ಮೊಮ್ಮಗಳು ನಮ್ಮನ್ನು ಎಳೆದೊಯ್ದಳು ಎನ್ನುವುದೇ ಸರಿ. ಜುಲೈ 16 ವಿಶ್ವ ಹಾವು ದಿನವಂತೆ. ಅದರ ಹಿಂದಿನ ಭಾನುವಾರ ಉದ್ಯಾನದಲ್ಲಿ ನಮ್ಮ ನಾಡಿನ ಹಾವುಗಳ ಪರಿಚಯದ ಕಾರ್ಯಕ್ರಮವಿದೆಯೆಂದು ಶಾಲೆಯಲ್ಲಿ ಯಾರೋ ಅವಳಿಗೆ ತಿಳಿಸಿದ್ದರು. ನಮ್ಮ ಮನೆಯವರು ಮೊದಲು ಒಪ್ಪಲಿಲ್ಲ. "ಹಾವು ನೋಡಾಕ ರೊಕ್ಕ ಕೊಟ್ಟು ಹೋಗ್ತಾರೇನ? ನಮ್ಮ ಹಿತ್ತಲದಾಗ ಪುಕ್ಕಟೆ ಬರ್ತಾವು" ಎಂದರು. ಆದರೂ ಮೊಮ್ಮಗಳ ಮುಖ ನೋಡಿ ಬೆಳಗಿನ ಲಿಂಗಪೂಜೆಯನ್ನು ಬೇಗನೆ ಮುಗಿಸಿ, ಬುತ್ತಿಯ ಗಂಟನ್ನು ಕಟ್ಟಿಕೊಂಡು ಹೊರಟರು.

ಮೆಜೆಸ್ಟಿಕ್ಕಿನಿಂದ 365ನೆಯ ಸಂಖ್ಯೆಯ ಬಸ್ಸು ಹಿಡಿದರೆ ನೇರವಾಗಿ ಉದ್ಯಾನದ ಬಾಗಿಲಿಗೇ ಮುಟ್ಟಿಸುತ್ತದೆ. ಊರಿನಿಂದ ಇಪ್ಪತ್ತೆರಡು ಕಿಲೋಮೀಟರೆಂದು ಹೇಳುತ್ತಾರಾದರೂ ಈಗ ಊರು ಎಲ್ಲಿ ಮುಗಿಯುತ್ತದೆಂದು ತಿಳಿಯುವುದೇ ಕಷ್ಟ. ಕಟ್ಟಡಗಳ ಸಾಲು ಸಡಿಲಗೊಂಡು, ಚಂಪಕಧಾಮ ಸ್ವಾಮಿಯ ಗುಡಿಯ ಬೆಟ್ಟವು ಕಣ್ಣಿಗೆ ಬಿದ್ದಾಗಲೇ ಗಾಳಿಯಲ್ಲಿ ತಂಪು ಸೇರಿತು. 1974ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಸಾರಲ್ಪಟ್ಟ ಈ ಕಾಡಿನ ಒಂದು ಅಂಚನ್ನು 2002ರಲ್ಲಿ ಪ್ರತ್ಯೇಕಿಸಿ ಜೈವಿಕ ಉದ್ಯಾನವನ್ನಾಗಿ ಮಾಡಿದರು. ಮೃಗಾಲಯ, ಸಫಾರಿ, 2006ರಲ್ಲಿ ಆರಂಭವಾದ ಚಿಟ್ಟೆಗಳ ಉದ್ಯಾನ ಎಲ್ಲವೂ ಇರುವುದು ಈ ಭಾಗದಲ್ಲಿಯೇ. ಅವುಗಳ ವರ್ಣನೆಯನ್ನು ಓದುಗರು ಅನೇಕ ಸಲ ಓದಿರುವುದರಿಂದ ಇಲ್ಲಿ ಬಿಡುತ್ತೇವೆ.

ನಾವು ಹಾವಿನ ಕಾರ್ಯಕ್ರಮಕ್ಕೆ ಹೋಗಲು ಮನಸ್ಸು ಮಾಡಿದ್ದಕ್ಕೆ ಇನ್ನೊಂದು ಕಾರಣವಿತ್ತು. ಅದನ್ನು ಮನೆಯವರ ಮುಂದೆಯೂ ಬಾಯಿಬಿಟ್ಟು ಆಡಿರಲಿಲ್ಲ.

ನಮ್ಮೂರು ನವಲಗುಂದದ ಸೀಮೆಯದು. ಎರೆಭೂಮಿ. ಬೇಸಿಗೆಯಲ್ಲಿ ನೆಲ ಬಿರಿದು ಕೈ ಇಳಿಯುವಷ್ಟು ಬಿರುಕುಗಳಾಗುತ್ತವೆ. ಇಲಿ, ಹೆಗ್ಗಣ, ಹಾವು ಎಲ್ಲಕ್ಕೂ ಅವೇ ಮನೆ. ಎರಡು ವರ್ಷಗಳ ಹಿಂದೆ ಕಣಿಕೆಯ ಬಣವೆ ಒಟ್ಟುವಾಗ ಆಳು ಹೌಹಾರಿ ಕೆಳಗೆ ಜಿಗಿದ. ಕಂದು ಬಣ್ಣದ, ಆಳುದ್ದಕ್ಕಿಂತಲೂ ಹೆಚ್ಚಿನ ಹಾವು ಸಿವುಡುಗಳ ನಡುವಿನಿಂದ ಹೊರಬಿತ್ತು. "ನಾಗರ, ನಾಗರ" ಎಂದು ನಾಲ್ಕು ದಿಕ್ಕಿನಿಂದ ಕೂಗೆದ್ದಿತು. ಬಡಿಗೆ ಹಿಡಿದವರು ಮೂವರು. ಅವರಲ್ಲಿ ನಾವೂ ಒಬ್ಬರು. ಹಾವು ಸತ್ತ ಮೇಲೆ ಎಲ್ಲರಿಗೂ ಅಂಜಿಕೆ ಹತ್ತಿತು. ನಾಗರನನ್ನು ಕೊಂದರೆ ದೋಷ ಎಂಬ ಮಾತಿದೆಯಲ್ಲ! ಹಿರಿಯರು ಹೇಳಿದಂತೆ ಅದರ ಬಾಯಿಗೆ ತಾಮ್ರದ ಕಾಸು ಇಟ್ಟು, ಹಾಲು ತುಪ್ಪ ಬಿಟ್ಟು, ಹೊಲದ ಬದುವಿನ ಮೇಲೆ ಸುಟ್ಟದ್ದಾಯಿತು. ಅಂದು ಸಂಜೆ ಮಠದಲ್ಲಿ ವಚನ ಪಠಣವಿತ್ತು. ಸರದಿ ನಮ್ಮದು. ನಾವು ಪುಟ ತೆರೆದರೆ ಎದುರಿಗೆ ಬಂದದ್ದು ಬಸವಣ್ಣನವರು ಕಲ್ಲು ನಾಗರವನ್ನೂ ಜೀವಂತ ನಾಗರವನ್ನೂ ಕುರಿತು ಹೇಳಿದ ಆ ವಚನ. ಅದು ನಮ್ಮ ಮನೆಮನೆಯ ಮಕ್ಕಳಿಗೂ ಬಾಯಿಪಾಠವಾಗಿರುವಂಥದು; ಇಲ್ಲಿ ಬರೆಯಬೇಕಾಗಿಲ್ಲ. ನಾವು ಆ ಪುಟವನ್ನು ಮಗುಚಿ ಮುಂದಿನದನ್ನು ಓದಿದೆವು. ಯಾರೂ ಗಮನಿಸಲಿಲ್ಲ.

ಉದ್ಯಾನದ ಸಭಾಗೃಹದಲ್ಲಿ ಅಂದು ಅರವತ್ತು ಎಪ್ಪತ್ತು ಜನ ಕೂಡಿದ್ದರು. ಬಹುಪಾಲು ಮಕ್ಕಳು, ಅವರ ಹಿಂದೆ ಒಲ್ಲದ ಮನಸ್ಸಿನಿಂದ ಬಂದ ತಾಯಿತಂದೆಗಳು. ಪಾಠ ಹೇಳಲು ನಿಂತವಳು ಇಪ್ಪತ್ತೈದರ ಆಸುಪಾಸಿನ ತರುಣಿ. ಪುಂಗಿಯವರಂತೆ ಬುಟ್ಟಿಯಿಂದ ಹಾವು ತೆಗೆದು ಆಡಿಸಬಹುದೆಂದು ನಾವು ಎಣಿಸಿದ್ದೆವು. ಅವಳು ಹಾಗೇನೂ ಮಾಡಲಿಲ್ಲ. "ಹಾವನ್ನು ಕೈಯಲ್ಲಿ ಹಿಡಿದು ತೋರಿಸಿದರೆ ನೀವು ನನ್ನ ಧೈರ್ಯವನ್ನು ನೋಡುತ್ತೀರಿ, ಹಾವನ್ನು ನೋಡುವುದಿಲ್ಲ" ಎಂದಳು. ಈ ಮಾತು ನಮಗೆ ಬಹಳ ಹಿಡಿಸಿತು.

ಅವಳು ಕೈಯಿಂದ ಕೈಗೆ ಕಳುಹಿಸಿದ್ದು ಹಾವು ಕಳಚಿದ ಒಂದು ಪೊರೆಯನ್ನು ಮಾತ್ರ. ತಲೆಯಿಂದ ಬಾಲದವರೆಗೆ ಎಲ್ಲಿಯೂ ಹರಿಯದ ಪೊರೆ. ಮುಟ್ಟಿದರೆ ಜಿಗುಟಿಲ್ಲ, ತಣ್ಣಗಿಲ್ಲ. ಹಳೆಯ ಪುಸ್ತಕದ ಚಿತ್ರಗಳ ಮೇಲೆ ಹಚ್ಚುತ್ತಿದ್ದ ತೆಳು ಕಾಗದದಂತೆ ಸರಸರ ಎನ್ನುತ್ತದೆ. ಕಣ್ಣಿದ್ದಲ್ಲಿ ಎರಡು ಪುಟ್ಟ ಗಾಜಿನ ಬಟ್ಟಲುಗಳು. ಹಾವಿಗೆ ರೆಪ್ಪೆಗಳಿಲ್ಲ, ಕಣ್ಣಿನ ಮೇಲೊಂದು ಪಾರದರ್ಶಕ ಪರೆಯಿರುತ್ತದೆ, ಪೊರೆ ಬಿಡುವಾಗ ಅದೂ ಕಳಚುತ್ತದೆ ಎಂದು ಅವಳು ವಿವರಿಸಿದಳು. ಹಾವಿಗೆ ಹೊರಗಿವಿಯಿಲ್ಲದ ಸಂಗತಿ, ಅದು ಪುಂಗಿಯ ನಾದಕ್ಕೆ ತಲೆದೂಗದೆ ಪುಂಗಿಯ ಅಲುಗಾಟವನ್ನು ಹಿಂಬಾಲಿಸುವ ಸಂಗತಿ, ನಾಲಗೆಯನ್ನು ಹೊರಚಾಚಿ ಗಾಳಿಯಲ್ಲಿನ ವಾಸನೆಯನ್ನು ಹಿಡಿಯುವ ಸಂಗತಿ ಇವೆಲ್ಲ ಒಂದೊಂದಾಗಿ ಬಂದವು. ಹಾಲಿನ ಮಾತೂ ಬಂದಿತು. ಹಾಲು ಹಾವಿನ ಆಹಾರವಲ್ಲ. ಪಂಚಮಿಯ ಮುನ್ನ ಹಿಡಿದು ದಿನಗಟ್ಟಲೆ ನೀರಿಲ್ಲದೆ ಬುಟ್ಟಿಯಲ್ಲಿಟ್ಟ ಹಾವು ಬಾಯಾರಿ ಏನು ಸಿಕ್ಕರೂ ಕುಡಿಯುತ್ತದೆ; ಜೀರ್ಣವಾಗದೆ ಎಷ್ಟೋ ಹಾವುಗಳು ಸಾಯುತ್ತವೆ. ಈ ಮಾತಿಗೆ ನಮ್ಮ ಮನೆಯವರು ಪೊರೆಯನ್ನು ಪಕ್ಕದವರ ಕೈಗೆ ದಾಟಿಸಿ ಸೆರಗನ್ನು ಸರಿಮಾಡಿಕೊಂಡರು. ಪಂಚಮಿಗೆ ಇನ್ನು ಮೂರು ವಾರವೂ ಇರಲಿಲ್ಲ.

ಭಾರತದಲ್ಲಿ 300ಕ್ಕೂ ಹೆಚ್ಚು ಬಗೆಯ ಹಾವುಗಳಿದ್ದು ಅವುಗಳಲ್ಲಿ ಹೆಚ್ಚಿನವು ಮನುಷ್ಯನ ಪ್ರಾಣಕ್ಕೆ ಎರವಾಗುವಂಥವಲ್ಲ. ಮಣ್ಣುಮುಕ್ಕ ಹಾವನ್ನು ಎರಡು ತಲೆಯದೆಂದು ನಂಬಿ, ಮನೆಯಲ್ಲಿಟ್ಟರೆ ಐಶ್ವರ್ಯ ಬರುತ್ತದೆಂದು ಕಳ್ಳತನದಿಂದ ಮಾರುವವರಿದ್ದಾರೆ. ಪಾಪ, ಅದಕ್ಕಿರುವುದು ಒಂದೇ ತಲೆ. ಬಾಲವು ಮೊಂಡಾಗಿರುವುದೇ ಅದರ ತಪ್ಪು. ಕೊಳ್ಳುವವರಿಗೆ ಅದೂ ಇಲ್ಲವೆಂದು ನಮಗನಿಸಿತು. ಕಾಳಿಂಗಸರ್ಪದ ಕಥೆ ಮಾತ್ರ ಮಕ್ಕಳನ್ನು ಸ್ತಬ್ಧಗೊಳಿಸಿತು. ತರಗೆಲೆಗಳನ್ನು ರಾಶಿ ಮಾಡಿ ಮೊಟ್ಟೆಗಳಿಗೆ ಗೂಡು ಕಟ್ಟುವ ಹಾವು ಅದೊಂದೇ. ಬೇರೆ ಹಾವುಗಳೇ ಅದರ ಮುಖ್ಯ ಆಹಾರ. ಜಗತ್ತಿನಲ್ಲಿರುವುದು ಒಂದೇ ಜಾತಿಯ ಕಾಳಿಂಗವೆಂದು ವಿಜ್ಞಾನಿಗಳು ಬಹುಕಾಲ ಎಣಿಸಿದ್ದರು. 2024ರಲ್ಲಿ ಅದು ನಾಲ್ಕು ಜಾತಿಗಳೆಂದು ನಿರ್ಣಯವಾಗಿ, ನಮ್ಮ ಪಶ್ಚಿಮ ಘಟ್ಟದ ಕಾಳಿಂಗಕ್ಕೆ ಆಗುಂಬೆಯ ಕಾಡುಗಳಲ್ಲಿ ವರ್ಷಗಟ್ಟಲೆ ಅದರ ಬೆನ್ನುಹತ್ತಿದ ಪಿ. ಗೌರಿಶಂಕರ್ ಮತ್ತು ಸಂಗಡಿಗರು 'ಕಾಳಿಂಗ' ಎಂಬ ಹೆಸರನ್ನೇ ಇಟ್ಟರು. ಜಗತ್ತಿನ ವಿಜ್ಞಾನ ಗ್ರಂಥಗಳಲ್ಲಿ ಇನ್ನು ಮುಂದೆ ಕನ್ನಡದ ಈ ಮಾತು ಅದರ ಹೆಸರಾಗಿ ನಿಲ್ಲುತ್ತದೆ. ಮೊಮ್ಮಗಳು ಇದನ್ನು ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಳು.

ಮಾತು ಮುಗಿದ ಮೇಲೆ ನಮ್ಮನ್ನು ಹಾವಿನ ಮನೆಗೆ ಕರೆದೊಯ್ದರು. ಗಾಜಿನ ಹಿಂದೆ ಒಂದೊಂದು ಗೂಡು. ಹೆಬ್ಬಾವು ನಿದ್ದೆಯಲ್ಲಿದ್ದಂತೆ ಸುರುಳಿಯಾಗಿ ಬಿದ್ದಿತ್ತು. ಮುಂದಿನ ಗೂಡಿನಲ್ಲಿ, ಒಣಕೊಂಬೆಯ ಮೇಲೆ ತಲೆಯಿಟ್ಟು, ದೊಡ್ಡ ದುಂಡು ಕಣ್ಣುಗಳಿಂದ ನಮ್ಮನ್ನೇ ನೋಡುತ್ತಿದ್ದ ಒಂದು ಹಾವು. ಕಂದು ಬಣ್ಣ. ತುಟಿಯ ಅಂಚಿನಲ್ಲಿ, ಲೇಖನಿಯಿಂದ ಎಳೆದಂತೆ, ಸಣ್ಣ ಸಣ್ಣ ಕಪ್ಪು ಗೆರೆಗಳು. ಆ ಗೆರೆಗಳನ್ನು ನಾವು ಹಿಂದೆ ನೋಡಿದ್ದೆವು. ತಾಮ್ರದ ಕಾಸನ್ನು ಬಾಯಿಗಿಡುವಾಗ ಅಷ್ಟು ಸಮೀಪದಿಂದ ನೋಡಿದ್ದನ್ನು ಮರೆಯುವುದು ಹೇಗೆ?

ಗೂಡಿನ ಮೇಲಿನ ಹಲಗೆಯಲ್ಲಿ 'ಕೇರೆಹಾವು' ಎಂದಿತ್ತು.

ತರುಣಿ ಹೇಳುತ್ತಿದ್ದಳು: ಕೇರೆಗೆ ವಿಷವಿಲ್ಲ. ಅದಕ್ಕೆ ಹೆಡೆಯೂ ಇಲ್ಲ. ರೈತನ ಹೊಲ, ಕಣ, ಬಣವೆಗಳಲ್ಲಿ ಇಲಿಯನ್ನು ಹುಡುಕಿಕೊಂಡು ಬರುತ್ತದೆ. ಬಣ್ಣ ನಾಗರವನ್ನು ಹೋಲುವುದರಿಂದ ಅದನ್ನು ನಾಗರವೆಂದು ತಿಳಿದು ಕೊಲ್ಲುವವರು ಬಹಳ. ನಾಗರವೂ ಕೇರೆಯೂ ಕೂಡುತ್ತವೆ ಎಂಬುದು ಸುಳ್ಳು. ಎರಡು ಹಾವುಗಳು ಹುರಿಗೊಂಡು ನಿಂತದ್ದನ್ನು ಕಂಡರೆ ಅವು ಎಷ್ಟೋ ಸಲ ಬಲ ಪರೀಕ್ಷೆ ನಡೆಸುತ್ತಿರುವ ಎರಡು ಗಂಡು ಕೇರೆಗಳಾಗಿರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇವನ್ನು ಕೊಲ್ಲುವುದು ಅಪರಾಧ.

ನಾವು ಎಣಿಸಿ ನೋಡಿದೆವು. ಹೆಡೆ ಬಿಚ್ಚಿದ್ದನ್ನು ಅಂದು ಯಾರೂ ಕಂಡಿರಲಿಲ್ಲ. ಬುಸುಗುಟ್ಟಿದ್ದು ನಿಜ, ಬಡಿಗೆ ಕಂಡರೆ ಯಾವ ಜೀವ ಸುಮ್ಮನಿರುತ್ತದೆ? ಇಲಿ ಹಿಡಿಯಲು ಬಂದ ಕೇರೆಯೊಂದನ್ನು ಕೊಂದು ಅದಕ್ಕೆ ನಾಗರನ ಉತ್ತರಕ್ರಿಯೆಯನ್ನು ಸಾಂಗವಾಗಿ ನೆರವೇರಿಸಿದ್ದೆವು. ಆ ವರ್ಷ ಹಗೇವಿನ ಜೋಳವನ್ನು ಇಲಿಗಳು ಹಾಳುಮಾಡಿದ್ದವು. ಒಂದು ಹಾವು ಸತ್ತದ್ದರಿಂದಲೇ ಹಾಗಾಯಿತೆಂದು ಹೇಳಲಾಗದು. ಆದರೂ ಗಾಜಿನ ಆಚೆಯ ಆ ದುಂಡು ಕಣ್ಣುಗಳ ಮುಂದೆ ಬಹಳ ಹೊತ್ತು ನಿಲ್ಲಲು ನಮ್ಮಿಂದ ಆಗಲಿಲ್ಲ.

ಇನ್ನುಳಿದ ನಾಲ್ಕು ಹಾವುಗಳನ್ನು ಅವಳು ಒಟ್ಟಿಗೆ ಪರಿಚಯಿಸಿದಳು. ನಮ್ಮ ದೇಶದಲ್ಲಿ ಹಾವು ಕಡಿತದಿಂದಾಗುವ ಸಾವುಗಳಲ್ಲಿ ಬಹುಪಾಲು ಈ ನಾಲ್ಕರಿಂದಲೇ ಆಗುವುದೆಂದು ನಂಬಲಾಗಿದೆ. ನಾಗರಹಾವನ್ನು ಹೇಳಬೇಕಾಗಿಲ್ಲ. ಕೊಳಕುಮಂಡಲದ ಮೈಮೇಲೆ ಸರಪಳಿಯಂತೆ ಸಾಲುಗಟ್ಟಿದ ಕಂದು ಮಚ್ಚೆಗಳು. ಅದರ ಬುಸುಗುಡುವಿಕೆ ಕುಕ್ಕರಿನ ಶಿಳ್ಳೆಯಷ್ಟು ಜೋರು. ಅದು ಮೊಟ್ಟೆಯಿಡದೆ ಮರಿಗಳನ್ನೇ ಹಾಕುತ್ತದೆ. ಉರಿಮಂಡಲ ಗೇಣುದ್ದಕ್ಕಿಂತ ತುಸು ದೊಡ್ಡದು, ಒಣ ಕಲ್ಲುನೆಲದ್ದು. ಮೈಯ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಗರಗಸದ ಸದ್ದು ಮಾಡುತ್ತದೆ. ನಾಲ್ಕನೆಯದು ಕಟ್ಟುಹಾವು, ಕೆಲವು ಸೀಮೆಗಳಲ್ಲಿ ಕಡಂಬಳವೆನ್ನುತ್ತಾರೆ. ಹೊಳೆಯುವ ಕರಿ ಮೈಗೆ ತೆಳ್ಳನೆಯ ಬಿಳಿ ಪಟ್ಟೆಗಳು. ಪಟ್ಟೆಗಳು ಕತ್ತಿನ ಬಳಿ ಮಸುಕಾಗಿದ್ದು ಬಾಲದ ಕಡೆಗೆ ಸ್ಪಷ್ಟವಾಗುತ್ತವೆ. ವಿಷವಿಲ್ಲದ ತೋಳಹಾವಿನಲ್ಲಿ ಇದು ತಲೆಕೆಳಗು. ಕತ್ತಿನ ಬಳಿಯ ಪಟ್ಟೆಗಳೇ ಎದ್ದು ಕಾಣುತ್ತವೆ. ಆದರೆ ಕತ್ತಲಲ್ಲಿ ಪಟ್ಟೆ ಎಣಿಸುತ್ತ ನಿಲ್ಲಬೇಡಿ, ದೂರ ಸರಿಯಿರಿ ಎಂದು ಅವಳೇ ನಗುತ್ತ ಸೇರಿಸಿದಳು.

ಅನಂತರ ಅವಳ ದನಿ ಗಂಭೀರವಾಯಿತು. ಕಟ್ಟುಹಾವು ಹಗಲು ಹೊರಬರುವುದು ಅಪರೂಪ. ರಾತ್ರಿ ಮನೆಯೊಳಗೆ ಹರಿದು ಬರುತ್ತದೆ. ನೆಲದ ಮೇಲೆ ಮಲಗಿದವರು ನಿದ್ದೆಯಲ್ಲಿ ಕೈಕಾಲು ಆಡಿಸಿದಾಗ ಕಡಿಯುತ್ತದೆ. ನೋವು ಇಲ್ಲವೆನ್ನುವಷ್ಟು ಕಡಿಮೆ, ಬಾವು ಬರುವುದಿಲ್ಲ, ಹಲ್ಲಿನ ಗುರುತು ಹುಡುಕಿದರೂ ಸಿಗದೆ ಹೋಗಬಹುದು. ನಡುರಾತ್ರಿ ಹೊಟ್ಟೆನೋವೆಂದು ಎದ್ದು ಕೂಡುತ್ತಾರೆ. ರೆಪ್ಪೆಗಳು ಜೋಲು ಬೀಳುತ್ತವೆ, ನುಂಗಲಾಗುವುದಿಲ್ಲ, ಮಾತು ತೊದಲುತ್ತದೆ. ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಹಾವನ್ನು ಯಾರೂ ನೋಡಿರುವುದಿಲ್ಲವಾದ್ದರಿಂದ ಹಾವಿನ ಯೋಚನೆ ಯಾರಿಗೂ ಬರುವುದಿಲ್ಲ.

ಗುಂಪು ಮುಂದಿನ ಗೂಡಿಗೆ ಸರಿಯಿತು. ನಮ್ಮ ಮನೆಯವರು ಅಲ್ಲಿಯೇ ನಿಂತಿದ್ದರು.

"ತಂಗೀ, ಒಂದ ಮಾತ ಕೇಳ್ಲೇನ?" ಎಂದರು. "ನನ್ನ ತಮ್ಮ. ಏಳ ವರ್ಷದಂವ ಇದ್ದ. ನನ್ನ ಮಗ್ಗಲದಾಗ ಪಡಸಾಲ್ಯಾಗ ಮಲಗಿದ್ದ. ನಡುರಾತ್ರಿ ಎದ್ದು ಹೊಟ್ಟಿ ನೋವು ಅಂದ. ಅವ್ವ ಅಜವಾನದ ನೀರ ಕೊಟ್ಟಳು, ಗಂಟಲಾಗ ಇಳೀಲಿಲ್ಲ. ಕಣ್ಣ ತಗೀವಲ್ಲ ಅಂತ ದೀಪಾ ಹಚ್ಚಿ ನೋಡಿದ್ವಿ, ರೆಪ್ಪಿ ಮ್ಯಾಲಕ್ಕ ಏಳಲಿಲ್ಲ. ಮೈಮ್ಯಾಲೆ ಒಂದ ಗಾಯ ಇರಲಿಲ್ಲ. ಗಾಳಿ ಸೋಕೇತಿ ಅಂತ ಮಂತ್ರಸೋರ ಹತ್ರ ಒಯ್ದರು. ಬೆಳಕ ಹರಿಯೂದ್ರಾಗ ಹೋದ. ಅದು ಹಾವೇನ?"

ತರುಣಿ ತಡೆದು ನಿಂತಳು. "ಅಜ್ಜಿ, ನಾನು ಡಾಕ್ಟರಲ್ಲ. ಅಷ್ಟು ವರ್ಷದ ಹಿಂದಿನದನ್ನು ಖಂಡಿತವಾಗಿ ಹೇಳೋಕೆ ಯಾರಿಂದಲೂ ಆಗೋದಿಲ್ಲ. ಆದರೆ ನೀವು ಹೇಳಿದ್ದೆಲ್ಲ ಕಟ್ಟುಹಾವು ಕಚ್ಚಿದಾಗ ಆಗುವಂಥದೇ" ಎಂದಳು.

ನಮ್ಮ ಮದುವೆಯಾಗಿ ನಲವತ್ತಾರು ವರ್ಷಗಳಾದವು. ತಮ್ಮನೊಬ್ಬ ಗಾಳಿ ಸೋಂಕಿ ತೀರಿಕೊಂಡನೆಂದು ನಮಗೆ ಗೊತ್ತಿತ್ತು. ಈ ವಿವರಗಳು ಗೊತ್ತಿರಲಿಲ್ಲ. ಓದುಗರಲ್ಲಿ ಉತ್ತರದ ಸೀಮೆಯ ತಾಯಂದಿರಿಗೆ ಹೇಳಬೇಕಾದುದಿಲ್ಲ, ಪಂಚಮಿ ಎಂದರೆ ನಮ್ಮಲ್ಲಿ ಅಣ್ಣತಮ್ಮಂದಿರ ಹಬ್ಬ. ಅಣ್ಣ ಕರೆಯಲು ಬರಬೇಕು, ತವರಿನ ಜೋಕಾಲಿ ಆಡಬೇಕು, ಒಡಹುಟ್ಟಿದವರ ಹೆಸರು ಹೇಳಿ ಹುತ್ತಕ್ಕೆ ಹಾಲೆರೆಯಬೇಕು. ನಮ್ಮ ಮನೆಯವರು ಬದುಕಿರುವ ಇಬ್ಬರು ಅಣ್ಣಂದಿರ ಜೊತೆಗೆ ಸತ್ತವನ ಹೆಸರನ್ನೂ ಪ್ರತಿ ವರ್ಷ ಹೇಳಿಯೇ ಹಾಲು ಬಿಡುತ್ತಿದ್ದರು. ಹೊರಗೆ ಬಂದು ಹೊಂಗೆಯ ಮರದ ಕೆಳಗೆ ಬುತ್ತಿ ಬಿಚ್ಚಿದಾಗ ಅವರು ಆಡಿದ್ದು ಒಂದೇ ಮಾತು: "ಐವತ್ತ ವರ್ಷದ ಮ್ಯಾಲಾತು, ಯಾರಿಗೆ ಹಾಲ ಹಾಕೀನಿ ನೋಡ್ರಿ." ರೊಟ್ಟಿಯನ್ನು ಮುರಿದು ಮೊಮ್ಮಗಳಿಗೆ ಕೊಟ್ಟರು. ತಾವು ತಿನ್ನಲಿಲ್ಲ.

ಮಧ್ಯಾಹ್ನದ ಅವಧಿಗೆ ಮರಳಿ ಹೋಗುವುದು ಬೇಡವೆಂದೆವು. ಅವರೇ ಎದ್ದು ಮುಂದೆ ನಡೆದರು; ಮುಂದಿನ ಸಾಲಿನಲ್ಲಿ ಕುಳಿತರು. ಅಲ್ಲಿ ತಿಳಿದದ್ದನ್ನು ಬರೆಯುವುದಕ್ಕಾಗಿಯೇ ಈ ಲೇಖನದ ಅರ್ಧ ಭಾಗವನ್ನು ಮೀಸಲಿಡಬೇಕಾಗಿತ್ತು. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಹಾಕಿದೆ. ಬಹುಪಾಲು ಹಳ್ಳಿಗಳಲ್ಲಿ; ಅರ್ಧದಷ್ಟು ಸಾವುಗಳು ಜೂನ್‌ನಿಂದ ಸೆಪ್ಟೆಂಬರಿನ ಮಳೆಗಾಲದಲ್ಲಿ. ನಮ್ಮ ಕರ್ನಾಟಕ ಸರಕಾರವು 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಅಂದರೆ ಸರಕಾರಿಯಾಗಲಿ ಖಾಸಗಿಯಾಗಲಿ ಆಸ್ಪತ್ರೆಗಳು ಪ್ರತಿಯೊಂದು ಪ್ರಕರಣವನ್ನೂ ವರದಿ ಮಾಡಬೇಕು. ಲೆಕ್ಕವೇ ಇಲ್ಲದೆ ಹೋದವರ ಪೈಕಿ ನಮ್ಮ ಮನೆಯವರ ತಮ್ಮನೂ ಒಬ್ಬ.

ಇದಕ್ಕೆ ಇರುವ ಮದ್ದು ಒಂದೇ: ಪ್ರತಿವಿಷ. ಆ ನಾಲ್ಕು ಹಾವುಗಳ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಕುದುರೆಗಳಿಗೆ ಚುಚ್ಚಿ, ಅವುಗಳ ರಕ್ತದಲ್ಲಿ ಹುಟ್ಟುವ ಪ್ರತಿರೋಧಕ ಅಂಶವನ್ನು ಬೇರ್ಪಡಿಸಿ ತಯಾರಿಸುತ್ತಾರೆ. ಬೇಕಾದ ವಿಷದ ದೊಡ್ಡ ಪಾಲನ್ನು ಒದಗಿಸುವವರು ತಮಿಳುನಾಡಿನ ಇರುಳ ಜನಾಂಗದವರು. ಒಂದು ಕಾಲಕ್ಕೆ ಹಾವಿನ ಚರ್ಮ ಮಾರಿ ಬದುಕುತ್ತಿದ್ದ ಇವರು 1978ರಲ್ಲಿ ಸಹಕಾರಿ ಸಂಘ ಕಟ್ಟಿಕೊಂಡರು. ಹಾವನ್ನು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೇ ಬಿಡುತ್ತಾರೆ. ಕಾಯಕದ ಮಾತನ್ನು ನಿತ್ಯ ಕೇಳಿ ಬೆಳೆದ ನಮಗೆ ಇವರ ಹೆಸರು ಅಂದಿನವರೆಗೆ ಗೊತ್ತಿರಲಿಲ್ಲ.

ಕಡಿಸಿಕೊಂಡವರಿಗೆ ಏನು ಮಾಡಬಾರದೆಂಬುದು ಏನು ಮಾಡಬೇಕೆಂಬುದಕ್ಕಿಂತ ಉದ್ದವಾಗಿತ್ತು. ಗಾಯ ಕೊಯ್ಯಬಾರದು, ಬಾಯಿಂದ ಹೀರಬಾರದು, ಹಗ್ಗ ಬಿಗಿದು ಕಟ್ಟಬಾರದು, ಬೇರು ಅರೆದು ಕುಡಿಸಬಾರದು, ಹಾವನ್ನು ಹುಡುಕುತ್ತ ಹೊತ್ತು ಕಳೆಯಬಾರದು. ಉಂಗುರ, ಬಳೆ, ಕಾಲುಂಗುರ ತೆಗೆದು, ಮುರಿದ ಮೂಳೆಗೆ ಕಟ್ಟುವಂತೆ ಹಲಗೆಯಿಟ್ಟು, ಕಡಿದ ಅಂಗ ಅಲುಗದಂತೆ ಮಾಡಿ, ಧೈರ್ಯ ಹೇಳುತ್ತ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. 108ಕ್ಕೆ ಕರೆ ಮಾಡಬೇಕು. ಸಾಮಾನ್ಯವಾಗಿ ಹತ್ತು ಶೀಶೆಗಳಷ್ಟು ಪ್ರತಿವಿಷದಿಂದ ಚಿಕಿತ್ಸೆ ಆರಂಭಿಸುತ್ತಾರೆ. ಮಂಚದ ಮೇಲೆ ಮಲಗುವುದು, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸುವುದು, ರಾತ್ರಿ ಹೊರಗೆ ಹೋಗುವಾಗ ದೀಪ ಹಿಡಿಯುವುದು, ಇಷ್ಟರಿಂದಲೇ ಎಷ್ಟೋ ಜೀವಗಳು ಉಳಿಯುತ್ತವೆಯಂತೆ. ನಮ್ಮ ಮನೆಯವರು ಮೊಮ್ಮಗಳ ಪುಸ್ತಕದಲ್ಲಿ ಇವನ್ನೆಲ್ಲ ಬರೆಸಿದರು.

ಊರಿಗೆ ಮರಳಿದ ವಾರದಲ್ಲೇ ಪಂಚಮಿ ಬಂದಿತು. ಬಸವಣ್ಣನವರು ಲಿಂಗೈಕ್ಯರಾದ ದಿನವೆಂದು ಅದನ್ನು ಬಸವ ಪಂಚಮಿಯಾಗಿ ಆಚರಿಸಿ, ಹುತ್ತಕ್ಕೆ ಎರೆಯುವ ಹಾಲನ್ನು ಮಕ್ಕಳಿಗೆ ಕುಡಿಸುವ ಪದ್ಧತಿ ಈಗ ಅನೇಕ ಕಡೆಗಳಲ್ಲಿದೆ. ನಾವು ಈ ಮಾತನ್ನು ಹಿಂದೆಯೂ ಮನೆಯಲ್ಲಿ ಎತ್ತಿದ್ದುಂಟು. "ನಿಮ್ಮ ಭಾಷಣ ಮಠದಾಗ ಮಾಡ್ರಿ" ಎಂಬ ಉತ್ತರ ಪಡೆದದ್ದೂ ಉಂಟು. ಈ ಸಲ ನಾವು ಬಾಯಿ ಬಿಡಲಿಲ್ಲ. ಕೊಂದ ಕೈ ನಮ್ಮದು. ಉಪದೇಶದ ಹಕ್ಕು ಎಲ್ಲಿಯದು?

ಎಳ್ಳುಂಡಿ, ಶೇಂಗಾ ಉಂಡಿ, ಅಳ್ಳು ಎಲ್ಲವೂ ಎಂದಿನಂತೆ ಆದವು. ಬೇವಿನ ಮರಕ್ಕೆ ಜೋಕಾಲಿಯೂ ಬಿದ್ದಿತು. ಬೆಳಿಗ್ಗೆ ಮನೆಯವರು ಹಾಲಿನ ಗಿಂಡಿ ಹಿಡಿದು ಹೊರಟಾಗ ನಾವು ಹಿಂದೆ ಹೋದೆವು. ಹುತ್ತದ ದಾರಿಯನ್ನು ಬಿಟ್ಟು ಅಂಗನವಾಡಿಯ ಕಡೆಗೆ ತಿರುಗಿದರು. ಹದಿನೇಳು ಮಕ್ಕಳಿದ್ದವು. ಒಂದೊಂದಕ್ಕೂ ಲೋಟ ತುಂಬಿ ಕುಡಿಸಿ, ಪ್ರತಿ ಲೋಟಕ್ಕೂ ತುಟಿಯೊಳಗೇ ಒಂದು ಹೆಸರು ಹೇಳುತ್ತಿದ್ದರು. ಗಿಂಡಿಯ ತಳದಲ್ಲಿ ತುಸು ಉಳಿಯಿತು. ಬರುವ ದಾರಿಯಲ್ಲಿ ಅದನ್ನು ಹುತ್ತದ ಬುಡದ ಹುಲ್ಲಿಗೆ ಚೆಲ್ಲಿದರು. ನಾವು ನೋಡಿಯೂ ನೋಡದವರಂತೆ ಇದ್ದೆವು.

ಮರುದಿನ ಆಳಿನ ಮನೆಗೆ ಎರಡು ಸೊಳ್ಳೆಪರದೆ ಕೊಟ್ಟು ಬಂದರು. ಬಣವೆಯಲ್ಲಿ ಕೇರೆ ಕಂಡರೆ ಬಡಿಗೆ ಮುಟ್ಟಬಾರದೆಂದು ಅವನಿಗೆ ಹೇಳುವ ಕೆಲಸ ನಮ್ಮದಾಯಿತು. ಅವನು ನಮ್ಮನ್ನು ವಿಚಿತ್ರವಾಗಿ ನೋಡಿದ. ಅಂದು ಮೊದಲ ಪೆಟ್ಟು ಹಾಕಿದವರು ಯಾರೆಂದು ಅವನು ಮರೆತಿರಲಿಲ್ಲ.

ಅದೇ ಸಂಜೆ ಮನೆಯವರು ನಮ್ಮನ್ನು ಕರೆದುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರು. ನರ್ಸಮ್ಮ ಯಾರಿಗೆ ಏನಾಗಿದೆಯೆಂದು ಕೇಳಿದಳು.

"ಯಾರಿಗೂ ಏನೂ ಆಗಿಲ್ಲವಾ. ಹಾವ ಕಡದ್ರ ಕೊಡೂ ಔಷಧ ನಿಮ್ಮಲ್ಲಿ ಐತೇನ? ನಾ ಕಣ್ಣಿಲೆ ನೋಡಬೇಕು."

ಅವಳು ನಕ್ಕಳು, ಆಮೇಲೆ ಮನೆಯವರ ಮುಖ ನೋಡಿ ನಗುವುದನ್ನು ನಿಲ್ಲಿಸಿ, ಬೀಗ ತೆಗೆದು ಕಪಾಟಿನ ಬಾಗಿಲು ತೆರೆದಳು. ಪುಟ್ಟ ಶೀಶೆಗಳು ಎರಡು ಸಾಲಿನಲ್ಲಿದ್ದವು. ಮನೆಯವರು ಕನ್ನಡಕ ಏರಿಸಿಕೊಂಡು ಬೆರಳಿಟ್ಟು ಒಂದೊಂದನ್ನೇ ಎಣಿಸಿದರು. 14 ಇದ್ದವು.